ಕದ, ಕಾವಲು, ಕೋವಿ

ಮನೆಯನ್ನು ಕಟ್ಟಿದ ದಿನವೇ ಮನುಷ್ಯನು ಕದವನ್ನೂ ನಿಲ್ಲಿಸಿದನು. ಕದವನ್ನು ನಿಲ್ಲಿಸಿದ ದಿನವೇ ಅದನ್ನು ಮುರಿಯುವವನ ಚಿಂತೆಯೂ ಅವನಿಗೆ ಹತ್ತಿತು. ಅರಸರ ಯುದ್ಧಗಳನ್ನು ಕುರಿತು ಬರೆದ ಗ್ರಂಥಗಳಿಗೆ ಲೆಕ್ಕವಿಲ್ಲ. ಒಬ್ಬ ಒಕ್ಕಲಿಗನು ಇರುಳು ಹೊತ್ತಿನಲ್ಲಿ ತನ್ನ ಹೆಂಡಿರು ಮಕ್ಕಳನ್ನೂ ಹಗೇವಿನ ಜೋಳವನ್ನೂ ಹೇಗೆ ಕಾಪಾಡಿಕೊಂಡನೆಂಬುದನ್ನು ವಿಚಾರಿಸಿದವರು ಕಡಮೆ. ಮನೆಯ ರಕ್ಷಣೆಗೆ ಬಂದೂಕನ್ನು ಇಡಬೇಕೇ, ಇಡುವುದಾದರೆ ಎಂಥದನ್ನು ಇಡಬೇಕು, ಹೇಗೆ ಇಡಬೇಕು ಎಂಬ ಪ್ರಶ್ನೆ ಇಂದಿಗೂ ಕೇಳಿಬರುತ್ತದೆ. ಈ ಪ್ರಶ್ನೆಗೆ ಒಂದು ಇತಿಹಾಸವುಂಟು. ಆ ಇತಿಹಾಸವನ್ನು ತಿಳಿಯದೆ ಕೊಟ್ಟ ಉತ್ತರವು ಅರ್ಧ ಉತ್ತರವೆಂದು ನಮ್ಮ ಅಭಿಪ್ರಾಯ. ಆದುದರಿಂದ ಬೆಳಗಾವಿ ಜಿಲ್ಲೆಯ ಬಡಗಣ ಅಂಚಿನಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಎಂಬ ಐದು ಊರುಗಳ ಸೀಮೆಯನ್ನು ಉದಾಹರಣೆಗೆ ತೆಗೆದುಕೊಂಡು ಈ ವಿಷಯವನ್ನು ಪರಿಶೀಲಿಸೋಣ.

ಈ ಸೀಮೆಯನ್ನೇ ಆರಿಸಿಕೊಳ್ಳಲು ಕಾರಣವಿದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಈ ಕರಿಯ ನೆಲವು ಬೆಳೆಗೆ ಎಷ್ಟು ಒಳ್ಳೆಯದೋ ಕಾವಲಿಗೆ ಅಷ್ಟು ಕಷ್ಟವಾದುದು. ಬಹುಭಾಗ ಬಯಲು, ಅಡಗಲು ದಟ್ಟವಾದ ಕಾಡಿಲ್ಲ, ಕುದುರೆಯ ದಂಡಿಗೆ ಅಡ್ಡಿಯಿಲ್ಲ. ಮೇಲಾಗಿ ಇದು ಎಂದೆಂದೂ ಗಡಿನಾಡು. ಬಿಜಾಪುರದ ಆದಿಲಶಾಹಿಗಳು, ಮೊಗಲರು, ಮರಾಠರು, ಕೊಲ್ಹಾಪುರದ ಛತ್ರಪತಿಗಳು, ಪಟವರ್ಧನರು, ನಿಪ್ಪಾಣಿಯ ದೇಸಾಯರು, ಕೊನೆಗೆ ಇಂಗ್ಲಿಷರು, ಹೀಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಈ ನೆಲವು ಹೋಗುತ್ತಲೇ ಇದ್ದಿತು. ಕಂದಾಯವನ್ನು ಯಾರಿಗೆ ಸಲ್ಲಿಸಬೇಕೆಂಬುದೇ ಸಂದೇಹವಾಗಿರುವ ನಾಡಿನಲ್ಲಿ ರಕ್ಷಣೆಯನ್ನು ಯಾರಿಂದ ಕೇಳಬೇಕೆಂಬುದೂ ಸಂದೇಹವೇ ಆಗಿರುತ್ತದೆ.

ಇದಕ್ಕೆ ಅಥಣಿಯ ಗತಿಯು ಸಾಕ್ಷಿ. 1679ರಲ್ಲಿ ಮೊಗಲ ಸರದಾರನಾದ ದಿಲೇರಖಾನನು ಈ ವ್ಯಾಪಾರದ ಊರನ್ನು ಕೊಳ್ಳೆಹೊಡೆದನು. ಆಗ ತಂದೆಯ ಮೇಲೆ ಮುನಿದು ಮೊಗಲರನ್ನು ಸೇರಿದ್ದ ಸಂಭಾಜಿಯು ಖಾನನ ದಂಡಿನಲ್ಲಿಯೇ ಇದ್ದನು. ಊರಿನ ಜನರನ್ನು ಗುಲಾಮರನ್ನಾಗಿ ಮಾರಬೇಕೆಂಬ ಮಾತು ಬಂದಾಗ ಅವನಿಗೂ ಖಾನನಿಗೂ ವಿರಸವುಂಟಾಯಿತೆಂದೂ, ಅವನು ಮರಳಿ ಶಿವಾಜಿಯ ಬಳಿಗೆ ಹೋಗಲು ಇದೂ ಒಂದು ಕಾರಣವಾಯಿತೆಂದೂ ಇತಿಹಾಸಕಾರರು ಬರೆದಿದ್ದಾರೆ. ಚರಿತ್ರೆಯ ಪುಸ್ತಕಗಳಲ್ಲಿ ಈ ಪ್ರಸಂಗವು ಸಂಭಾಜಿಯ ಜೀವನದ ಒಂದು ತಿರುವಾಗಿ ಬರುತ್ತದೆ. ಅಥಣಿಯ ವರ್ತಕನಿಗೂ ನೇಕಾರನಿಗೂ ಅದು ತನ್ನ ಮನೆಯ ಬಾಗಿಲು ಮುರಿದ ದಿನ. ದಂಡಿನ ಮುಂದೆ ಒಂಟಿ ಮನೆಯ ಆಯುಧವು ಏನೂ ಅಲ್ಲವೆಂಬುದನ್ನು ಈ ಸೀಮೆಯ ಜನರು ಹೀಗೆ ಕಲಿತರು.

ಹದಿನೆಂಟನೆಯ ಶತಮಾನದ ಕೊನೆಗೆ ಈ ಕಷ್ಟವು ಇನ್ನಷ್ಟು ಹೆಚ್ಚಿತು. 1799ರಲ್ಲಿ ಪರಶುರಾಮಭಾವು ಪಟವರ್ಧನನು ಕೊಲ್ಹಾಪುರದವರೊಡನೆ ಕಾದಿ ಮಡಿದನು. ನಿಪ್ಪಾಣಿಯ ಸಿದ್ಧೋಜಿರಾವ್ ನಿಂಬಾಳ್ಕರನು, ಎಂದರೆ ಜನರ ಬಾಯಲ್ಲಿ ಅಪ್ಪಾ ದೇಸಾಯಿಯು, ಪೇಶ್ವೆಯ ಸರಲಷ್ಕರನೆನಿಸಿ 1803ರಲ್ಲಿ ವೆಲ್ಲೆಸ್ಲಿಯ ಸಂಗಡ ಯುದ್ಧಕ್ಕೂ ಹೋಗಿಬಂದನು. ಚಿಕ್ಕೋಡಿ ಮನೋಳಿಗಳಿಗಾಗಿ ಅವನಿಗೂ ಕೊಲ್ಹಾಪುರಕ್ಕೂ ವರ್ಷಾಂತರಗಳ ವ್ಯಾಜ್ಯ ನಡೆಯಿತು. 1818ರಲ್ಲಿ ಪೇಶ್ವೆಯ ರಾಜ್ಯವು ಅಳಿದ ಮೇಲೆ ಇಂಗ್ಲಿಷರು ಈ ಎರಡು ತಾಲ್ಲೂಕುಗಳನ್ನು ಕೊಲ್ಹಾಪುರಕ್ಕೆ ಬಹುಮಾನವಾಗಿ ಕೊಟ್ಟರು. ಹತ್ತು ವರ್ಷಗಳ ಆಸುಪಾಸಿನಲ್ಲಿ ಮತ್ತೆ ಕಿತ್ತುಕೊಂಡರು. ಒಂದೇ ತಲೆಮಾರಿನಲ್ಲಿ ಒಂದೇ ಹೊಲಕ್ಕೆ ಇಷ್ಟು ಮಂದಿ ಒಡೆಯರಾದರೆ ಹೊಲದವನು ಯಾರನ್ನು ನಂಬಬೇಕು?

ಅವನು ಊರನ್ನು ನಂಬಿದನು. ಆ ಕಾಲದ ಊರಿನ ರಚನೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಊರಿಗೆ ಸುತ್ತಲೂ ಮಣ್ಣಿನ ಗೋಡೆ, ಅದಕ್ಕೆ ಅಗಸಿಬಾಗಿಲು, ಸಂಜೆ ದನಗಳು ಬಂದ ಮೇಲೆ ಅಗಸಿಯನ್ನು ಮುಚ್ಚುವುದು ವಾಡಿಕೆ. ನಡುವೆ ಅಥವಾ ಮೂಲೆಯಲ್ಲಿ ಹುಡೇವು, ಎಂದರೆ ಕಲ್ಲು ಮಣ್ಣಿನ ಗುಂಡನೆಯ ಎತ್ತರವಾದ ಬುರುಜು. ಅದರ ಮೇಲಿಂದ ದೂರದ ಧೂಳನ್ನು ನೋಡಿ ಕೂಗುಹಾಕಲು ಒಬ್ಬನು. ಗೌಡರದೋ ದೇಸಾಯರದೋ ವಾಡೆಗೆ ಆನೆ ನುಗ್ಗದಂತೆ ಮೊಳೆಗಳನ್ನು ಬಡಿದ ಕದ. ಕದಕ್ಕೆ ಗೋಡೆಯೊಳಗಿಂದ ಎಳೆಯುವ ಅಗಳಿ. ಗೋಡೆಯಲ್ಲಿ ಹೊರಗೆ ಕಿರಿದಾಗಿ ಒಳಗೆ ಅಗಲವಾಗಿರುವ ಕಿಂಡಿಗಳು. ಸಾಮಾನ್ಯರ ಮಾಳಿಗೆಮನೆಗಳು ಒಂದಕ್ಕೊಂದು ಅಂಟಿಕೊಂಡಿರುತ್ತಿದ್ದವು. ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ನಡೆದುಹೋಗಬಹುದಾಗಿತ್ತು. ಕಾಳನ್ನು ನೆಲದಡಿಯ ಹಗೇವಿನಲ್ಲಿ ಹುಗಿದು ಮೇಲೆ ಮಣ್ಣು ಬಡಿದುಬಿಟ್ಟರೆ ಅಪರಿಚಿತನಿಗೆ ಅದು ಕಾಣುತ್ತಲೇ ಇರಲಿಲ್ಲ. ಇವುಗಳಲ್ಲಿ ಯಾವುದೂ ಕೊಲ್ಲುವ ಸಾಧನವಲ್ಲ. ಎಲ್ಲವೂ ತಡೆಯುವ, ತಿಳಿಸುವ, ಮರೆಸುವ ಸಾಧನಗಳು.

ಕೋವಿಯು ಇವೆಲ್ಲದರ ಹಿಂದೆ ಕೊನೆಗೆ ಬರುತ್ತಿದ್ದಿತು. ಆ ಕಾಲದ ಬಂದೂಕು ಬತ್ತಿಯ ಬಂದೂಕು. ನಳಿಗೆಯ ಬಾಯಿಂದ ಮದ್ದನ್ನು ಸುರಿದು, ಗುಂಡನ್ನೋ ಚರೆಯನ್ನೋ ಹಾಕಿ, ಗಜದಿಂದ ಜಡಿದು, ಕಿವಿಯಲ್ಲಿ ಸಣ್ಣ ಮದ್ದನ್ನಿಟ್ಟು, ಉರಿಯುವ ಬತ್ತಿಯನ್ನು ಅದಕ್ಕೆ ಮುಟ್ಟಿಸಬೇಕು. ಪಳಗಿದವನಿಗೂ ನಿಮಿಷಕ್ಕೆ ಒಂದೆರಡು ಸಲ ಹೊಡೆಯುವುದೇ ಹೆಚ್ಚು. ಮಳೆಯಲ್ಲಿ ಬತ್ತಿ ಆರುತ್ತದೆ, ಮದ್ದು ತಂಪೇರುತ್ತದೆ, ಕತ್ತಲಲ್ಲಿ ಬತ್ತಿಯ ಕೆಂಡವೇ ಹೊಡೆಯುವವನ ಜಾಗವನ್ನು ತೋರಿಸುತ್ತದೆ. ಇಂಥ ಆಯುಧವು ಒಂಟಿ ಮನುಷ್ಯನಿಗೆ ಒಂದೇ ಒಂದು ಸದ್ದನ್ನು ಕೊಡುತ್ತದೆ. ಗೋಡೆಯ ಹಿಂದೆ ನಾಲ್ಕಾರು ಮಂದಿ ಇದ್ದು, ಒಬ್ಬನು ಹೊಡೆಯುವಾಗ ಇನ್ನೊಬ್ಬನು ತುಂಬುತ್ತಿದ್ದರೆ ಮಾತ್ರ ಅದು ಕಾವಲಾಗುತ್ತಿದ್ದಿತು. ಕಿಂಡಿಯೂ ಕೋವಿಯೂ ಒಂದೇ ಉಪಾಯದ ಎರಡು ಅಂಗಗಳು.

ಕೋವಿಯನ್ನು ಹಿಡಿಯುವವನೂ ಊರಿನವನೇ. ಈ ಸೀಮೆಗಳಲ್ಲಿ ವಾಲೀಕಾರರೆಂಬ ಊರಕಾವಲಿನವರೂ ಶೇತಸನದಿಗಳೆಂಬ ದಂಡಾಳುಗಳೂ ಇದ್ದರು. ಶೇತವೆಂದರೆ ಹೊಲ, ಸನದೆಂದರೆ ಅಧಿಕಾರಪತ್ರ. ಹೊಲವನ್ನು ಉಂಬಳಿಯಾಗಿ ಪಡೆದು, ಕರೆದಾಗ ಆಯುಧದೊಡನೆ ಬರತಕ್ಕವನು ಶೇತಸನದಿ. ಅವನು ಉಳುವವನೂ ಹೌದು, ಕಾಯುವವನೂ ಹೌದು. ಕೊಲ್ಹಾಪುರದ ಕೋಟೆಗಳಲ್ಲಿ ಇದೇ ಬಗೆಯ ಭೂಮಿಯನ್ನುಂಡು ವಂಶಪರಂಪರೆಯಾಗಿ ಕಾವಲಿದ್ದವರು ಗಡಕರಿಗಳು. ಇವರ ಬಲವನ್ನು ಬಲ್ಲವರಲ್ಲಿ ತಾಮಸ್ ಮನ್ರೋ ಮೊದಲಿಗನು. 1817-18ರಲ್ಲಿ ಅವನು ಈ ಕಡೆಯ ನಾಡನ್ನು ಗೆದ್ದುದು ಮುಖ್ಯವಾಗಿ ಇಲ್ಲಿಯದೇ ಆಳುಗಳನ್ನು ಸೇರಿಸಿಕೊಂಡು. ಅವನ ಸಂಗಡ ಇದ್ದ ಕವಾಯಿತಿನ ಸಿಪಾಯಿಗಳು ಸ್ವಲ್ಪವೇ. 1818ರ ಏಪ್ರಿಲಿನಲ್ಲಿ ಬೆಳಗಾವಿಯ ಕೋಟೆಯೂ ಅವನ ವಶವಾಯಿತು.

ಗೆಲ್ಲುವಾಗ ಬೇಕಾದ ಆಯುಧವು ಆಳುವಾಗ ಬೇಡವಾಗುತ್ತದೆ. ಹೊಸ ಸರ್ಕಾರದ ಕಣ್ಣಿಗೆ ಉಂಬಳಿಯ ಹೊಲವು ಕಂದಾಯದ ನಷ್ಟ. ಉಂಬಳಿಯವನ ಕೋವಿಯು ಅಪಾಯ. ಸಂಗೊಳ್ಳಿ ರಾಯಣ್ಣನು ಶೇತಸನದಿಯ ಮನೆತನದವನು. 1824ರಲ್ಲಿ ಕಿತ್ತೂರು ಬಿದ್ದ ಮೇಲೆ ಎದ್ದ ದಂಗೆಗೆ ನಾಯಕನಾಗಿ 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಅವನ ಹಿಂದೆ ನಿಂತವರಲ್ಲಿ ಇಂಥ ಭೂಮಿಯನ್ನು ಕಳೆದುಕೊಂಡವರೂ ಕಳೆದುಕೊಳ್ಳುವ ಭಯವಿದ್ದವರೂ ಇದ್ದರು. 1839ರಲ್ಲಿ ನಿಪ್ಪಾಣಿಯ ದೇಸಾಯಿಯು ಮಕ್ಕಳಿಲ್ಲದೆ ತೀರಿಕೊಳ್ಳಲು ಅವನ ಸಂಸ್ಥಾನವು ಇಂಗ್ಲಿಷರ ವಶವಾಯಿತು. 1841ರಲ್ಲಿ ಅಲ್ಲಿಯ ಅರಬ್ಬೀ ಸಿಪಾಯಿಗಳು ಕೋಟೆಯನ್ನು ಹಿಡಿದು ಕುಳಿತಾಗ ದಂಡು ಬಂದು ಅವರನ್ನು ಎಬ್ಬಿಸಬೇಕಾಯಿತು. 1844ರಲ್ಲಿ ಕೊಲ್ಹಾಪುರದ ಗಡಕರಿಗಳು ಎದ್ದರು. ಈ ಮೂರು ಪ್ರಸಂಗಗಳಲ್ಲಿಯೂ ಒಂದೇ ಸೂತ್ರವನ್ನು ನಾವು ಕಾಣುತ್ತೇವೆ. ಕಾವಲಿನ ಕೆಲಸವನ್ನೂ ಅದರ ಭೂಮಿಯನ್ನೂ ಕಿತ್ತುಕೊಂಡರೆ ಕಾವಲುಗಾರನ ಕೈಯಲ್ಲಿ ಉಳಿಯುವುದು ಬರಿಯ ಆಯುಧ.

ಆ ಆಯುಧದ ಸರದಿಯೂ 1857ರಲ್ಲಿ ಬಂದಿತು. ಆ ವರ್ಷ ಜುಲೈ 31ರಂದು ಕೊಲ್ಹಾಪುರದಲ್ಲಿ 27ನೆಯ ಪಲ್ಟಣವು ತಿರುಗಿ ಬಿದ್ದಿತು. ಆಯುಧಗಳನ್ನು ಇಟ್ಟುಕೊಳ್ಳಲು ಅಪ್ಪಣೆ ಬೇಕೆಂಬ ಕಾನೂನೂ ಅದೇ ವರ್ಷ ಹುಟ್ಟಿತು; ಊರೂರಿನಲ್ಲಿ ಕತ್ತಿ ಕೋವಿಗಳನ್ನು ತಂದೊಪ್ಪಿಸಬೇಕೆಂದು ಸಾರಲಾಯಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಬೇಟೆಯೂ ಕಾವಲೂ ಅವರ ಕುಲವೃತ್ತಿ. ಆಯುಧವನ್ನು ಒಪ್ಪಿಸುವುದೆಂದರೆ ಅನ್ನವನ್ನೂ ಮಾನವನ್ನೂ ಒಪ್ಪಿಸಿದಂತೆ. ನವೆಂಬರಿನ ಕೊನೆಗೆ ದಂಡು ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 13 ಮಂದಿಯನ್ನು ಡಿಸೆಂಬರಿನಲ್ಲಿ ಮುಧೋಳದ ಸಂತೆಯ ದಿನ, 6 ಮಂದಿಯನ್ನು ಹಲಗಲಿಯಲ್ಲಿಯೇ ಗಲ್ಲಿಗೆ ಹಾಕಿದರು. ಹಲಗಲಿಯ ಬೇಡರ ಲಾವಣಿಯು ಇಂದಿಗೂ ಉತ್ತರ ಕರ್ನಾಟಕದಲ್ಲಿ ಉಳಿದುಬಂದಿದೆ. ಈ ಜನರು ರಾಜ್ಯವನ್ನು ಬೇಡಿದವರಲ್ಲ. ತಮ್ಮ ಮನೆಯ ಗೂಟಕ್ಕೆ ತೂಗುಹಾಕಿದ್ದುದನ್ನು ಬಿಡಲಾರದವರು.

1860ರ ಕಾನೂನು, ಅನಂತರ ಲಿಟ್ಟನ್ ಪ್ರಭುವಿನ ಕಾಲದ 1878ರ ಆಯುಧಗಳ ಕಾನೂನು, ಈ ವ್ಯವಸ್ಥೆಯನ್ನು ಸ್ಥಿರಪಡಿಸಿದವು. ಐರೋಪ್ಯರಿಗೆ ವಿನಾಯಿತಿ, ದೇಶೀಯರಿಗೆ ಪರವಾನಗಿ ಎಂಬ ಭೇದವನ್ನು ಇಟ್ಟುದರಿಂದ ಅದು ಅಪಮಾನವೂ ಆಯಿತು. ಕೊಡಗಿನವರಿಗೆ ಮಾತ್ರ ವಿನಾಯಿತಿ ದೊರೆಯಿತು. ಅದು ಇಂದಿಗೂ ನಡೆದುಬಂದಿದ್ದು, 2019ರಲ್ಲಿ ಕೇಂದ್ರ ಸರ್ಕಾರವು ಇನ್ನೂ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಕರ್ನಾಟಕದ ಉಚ್ಚನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡಗಿನ ಐನ್‌ಮನೆಯಲ್ಲಿ ಕೋವಿಯು ಮಗು ಹುಟ್ಟಿದಾಗಲೂ ಹಿರಿಯರು ಸತ್ತಾಗಲೂ ಸದ್ದುಮಾಡುವ ಮನೆಯ ವಸ್ತು. ಕೈಲ್ ಮುಹೂರ್ತದಂದು ಅದಕ್ಕೆ ಪೂಜೆ. ಅಲ್ಲಿ ಆಯುಧವೂ ಒಕ್ಕವೂ ಒಂದಾಗಿ ಉಳಿದವು. ಕೃಷ್ಣೆಯ ದಡದಲ್ಲಿ ಅವು ಬೇರೆಯಾದವು. ಕೋವಿಯು ಸರ್ಕಾರಕ್ಕೆ ಹೋಯಿತು. ವಾಲೀಕಾರನು ಕಂದಾಯದ ಚಾವಡಿಯ ಓಲೆಕಾರನಾದನು. ಹುಡೇವಿನ ಮೇಲೆ ಹುಲ್ಲು ಬೆಳೆಯಿತು. ಮುತ್ತಿಗೆಯ ದಂಡುಗಳೂ ನಿಂತುಹೋದವೆಂಬುದನ್ನು ನ್ಯಾಯವಾಗಿ ಹೇಳಲೇಬೇಕು. ಅಥಣಿಯನ್ನು ಕೊಳ್ಳೆಹೊಡೆಯುವ ದಿಲೇರಖಾನನು ಮತ್ತೆ ಬರಲಿಲ್ಲ. ಆ ಶಾಂತಿಗೆ ತೆತ್ತ ಬೆಲೆಯೇನೆಂದರೆ, ಊರು ತನ್ನನ್ನು ತಾನೇ ಕಾಯುವ ಅಭ್ಯಾಸವನ್ನು ಮರೆಯಿತು.

ರಾಷ್ಟ್ರೀಯ ನಾಯಕರು ಈ ಕಾನೂನನ್ನು ಬಹುಕಾಲ ಖಂಡಿಸಿದರು. 1931ರ ಕರಾಚಿ ಕಾಂಗ್ರೆಸ್ಸಿನ ನಿರ್ಣಯದಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧವನ್ನು ಹೊಂದುವುದು ಪ್ರಜೆಯ ಹಕ್ಕೆಂದು ಸೇರಿಸಿದರು. ಆದರೆ 1950ರ ಸಂವಿಧಾನದಲ್ಲಿ ಆ ಹಕ್ಕು ಬರಲಿಲ್ಲ. ಅಲ್ಲಿರುವುದು ಶಾಂತವಾಗಿ, ಆಯುಧಗಳಿಲ್ಲದೆ, ಸಭೆಸೇರುವ ಹಕ್ಕು. ರಾಯಬಾಗವು ಕೊಲ್ಹಾಪುರದೊಡನೆ 1949ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿ ಬೆಳಗಾವಿ ಜಿಲ್ಲೆಯ ಭಾಗವಾಯಿತು. 1956ರಲ್ಲಿ ಇಡೀ ಸೀಮೆಯು ಮೈಸೂರು ರಾಜ್ಯಕ್ಕೆ ಬಂದಿತು. 1959ರ ಆಯುಧ ಅಧಿನಿಯಮವು 1962ರಿಂದ ಜಾರಿಗೆ ಬಂದು ಎಲ್ಲರಿಗೂ ಒಂದೇ ಕಾನೂನಾಯಿತು. ಮನೆಯ ಮಟ್ಟಿಗೆ ಈ ಅಧಿನಿಯಮದ ಮುಖ್ಯವಾದ ಮಾತು ಇಷ್ಟು. ರಕ್ಷಣೆಗೋ ಕ್ರೀಡೆಗೋ ಬೇಕೆಂದು ಕೇಳಿದವನಿಗೆ ಒಳಗೆ ಗೀರಿಲ್ಲದ, 20 ಅಂಗುಲಕ್ಕೆ ಕಡಮೆಯಿಲ್ಲದ ನಳಿಗೆಯ ಬಂದೂಕಿಗೆ, ಬೆಳೆಯ ಕಾವಲಿಗೆ ಬೇಕೆಂದವನಿಗೆ ಬಾಯಿಂದ ತುಂಬುವ ಬಂದೂಕಿಗೆ, ಯೋಗ್ಯ ಕಾರಣವಿದ್ದರೆ ಪರವಾನಗಿ ಕೊಡಬಹುದು. 2019ರ ತಿದ್ದುಪಡಿಯಂತೆ ಒಬ್ಬನಿಗೆ ಎರಡಕ್ಕಿಂತ ಹೆಚ್ಚು ಬಂದೂಕುಗಳಿಲ್ಲ.

ಇನ್ನು ಆಯ್ಕೆಯ ಮಾತು. ನಮ್ಮಲ್ಲಿ ಮನೆಯ ಬಂದೂಕೆಂದರೆ ಬಹುಮಟ್ಟಿಗೆ ಹನ್ನೆರಡು ಬೋರಿನದು. ಒಂದು ಪೌಂಡು ಸೀಸದಿಂದ ಹನ್ನೆರಡು ಸಮನಾದ ಗುಂಡುಗಳನ್ನು ಮಾಡಿದರೆ ಅವುಗಳಲ್ಲಿ ಒಂದು ಎಷ್ಟು ದಪ್ಪವೋ ಅಷ್ಟು ಅಗಲ ಆ ನಳಿಗೆಯ ಬಾಯಿ, ಸುಮಾರು ಹದಿನೆಂಟೂವರೆ ಮಿಲಿಮೀಟರು. ಹೆಸರು ಬಂದುದು ಹೀಗೆ. ಜೋಡುನಳಿಗೆಯದು ಹಳೆಯ ಮಾದರಿ. ಅದರ ಯಂತ್ರ ಸರಳ, ಕೆಡುವುದು ಕಡಮೆ, ಮಡಿಸಿದ ಕೂಡಲೇ ತೋಟಾ ಇದೆಯೋ ಇಲ್ಲವೋ ಕಣ್ಣಿಗೆ ಕಾಣುತ್ತದೆ. ಈ ಕೊನೆಯ ಗುಣವೇ ಮನೆಗೆ ಎಲ್ಲಕ್ಕಿಂತ ದೊಡ್ಡ ಗುಣವೆಂದು ನಾವು ತಿಳಿಯುತ್ತೇವೆ. ಬೇಟೆಗೆಂದು ಮಾಡಿದ 28, 30 ಅಂಗುಲದ ನಳಿಗೆಯು ಬಯಲಿನಲ್ಲಿ ಗುರಿಗೆ ಅನುಕೂಲ. ಪಡಸಾಲೆಯ ಕಂಬಗಳ ನಡುವೆ ಅದೇ ತೊಡಕು. ಹಿಡಿಯು ಹಿಡಿಯುವವನ ತೋಳಿನ ಅಳತೆಗೆ ಹೊಂದದಿದ್ದರೆ ಪೆಟ್ಟು ಹೆಗಲಿಗೂ ಗುರಿ ಆಕಾಶಕ್ಕೂ ಹೋಗುತ್ತದೆ.

ಚರೆಯ ಬಂದೂಕನ್ನು ಕುರಿತು ಒಂದು ತಪ್ಪುಕಲ್ಪನೆಯುಂಟು. ಅದರಿಂದ ಹೊರಟ ಚರೆಯು ಕೋಣೆಯನ್ನೆಲ್ಲಾ ತುಂಬುತ್ತದೆ, ಗುರಿಯೇ ಬೇಡ ಎಂದು ಹೇಳುವರು. ಇದು ಸರಿಯಲ್ಲ. ಚರೆಯು ಗಜಕ್ಕೆ ಸುಮಾರು ಒಂದು ಅಂಗುಲದಂತೆ ಹರಡುತ್ತದೆ. ಕೋಣೆಯ ಅಳತೆಯಲ್ಲಿ ಅದು ಅಂಗೈಯಗಲವನ್ನು ಮೀರುವುದು ಅಪೂರ್ವ. ಆದುದರಿಂದ ತಪ್ಪಿದ ಏಟು ಪೂರ್ತಿಯಾಗಿಯೇ ತಪ್ಪುತ್ತದೆ. ತಪ್ಪಿದ ಮೇಲೆ ಎಲ್ಲಿಗೆ ಹೋಗುತ್ತದೆಂಬುದು ಗೋಡೆಯ ಮೇಲೆ ನಿಂತಿದೆ. ಮೊಳದಗಲದ ಹಳೆಯ ಮಣ್ಣಿನ ಗೋಡೆಯು ಅದನ್ನು ನುಂಗೀತು. ಇಂದಿನ ತೆಳುವಾದ ಅಡ್ಡಗೋಡೆಯೂ ಹಲಗೆಯ ಬಾಗಿಲೂ ನುಂಗಲಾರವು. ದಪ್ಪ ಚರೆಯು ಅವನ್ನು ತೂರಿ ಆಚೆ ಮಲಗಿದವರನ್ನು ಮುಟ್ಟಬಲ್ಲದು. ತಾತನ ವಾಡೆಯಲ್ಲಿ ಸರಿಯಾಗಿದ್ದ ಆಯುಧವು ಮೊಮ್ಮಗನ ಮನೆಯಲ್ಲಿ ಸರಿಯಾಗಲೇಬೇಕೆಂದಿಲ್ಲ.

ಇಡುವ ಕ್ರಮವು ಆರಿಸುವ ಕ್ರಮಕ್ಕಿಂತ ಮುಖ್ಯ. ಬಂದೂಕು ಬರಿದಾಗಿರಬೇಕು, ಕಬ್ಬಿಣದ ಕಪಾಟಿನಲ್ಲಿ ಬೀಗದೊಳಗಿರಬೇಕು, ತೋಟಾಗಳು ಬೇರೆ ಬೀಗದಲ್ಲಿ, ತಂಪು ತಗಲದ ಜಾಗದಲ್ಲಿರಬೇಕು, ಬೀಗದ ಕೈಯು ಪರವಾನಗಿಯುಳ್ಳವನ ಬಳಿಯೇ ಇರಬೇಕು. ಮಳೆಗಾಲದಲ್ಲಿ ನಳಿಗೆಗೆ ಎಣ್ಣೆ ತಪ್ಪಕೂಡದು. 2016ರ ನಿಯಮಗಳು ಆಯುಧವನ್ನು ಹೊಂದುವವನು ಅದರ ಬಳಕೆಯ ಶಿಕ್ಷಣವನ್ನು ಪಡೆದಿರಬೇಕೆಂದು ವಿಧಿಸುತ್ತವೆ. ಇದನ್ನು ಬರಿಯ ಕಾಗದದ ಕೆಲಸವೆಂದು ಭಾವಿಸುವವನು ಬಂದೂಕಿಗೆ ಅರ್ಹನಲ್ಲ. ಚುನಾವಣೆಗಳ ಕಾಲದಲ್ಲಿ ಅಧಿಕಾರಿಗಳು ಕೇಳಿದರೆ ಅದನ್ನು ಠಾಣೆಗೆ ಒಪ್ಪಿಸಬೇಕಾಗಿ ಬರುತ್ತದೆ. ಆ ವಾರಗಳಲ್ಲಿಯೂ ಮನೆಯು ಮನೆಯಾಗಿಯೇ ಇರಬೇಕಲ್ಲವೆ? ಹಾಗಾದರೆ ರಕ್ಷಣೆಯ ಆಧಾರವು ಬೇರೆಲ್ಲಿಯೋ ಇರಬೇಕೆಂದಾಯಿತು.

ಕಾನೂನು ಹೇಳುವುದೂ ಇದನ್ನೇ. ಆತ್ಮರಕ್ಷಣೆಯ ಹಕ್ಕು 1860ರ ದಂಡಸಂಹಿತೆಯಲ್ಲಿದ್ದಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೆ. ಸೂರ್ಯಾಸ್ತದ ಮೇಲೆ ಮನೆಯೊಡೆದು ನುಗ್ಗಿದವನ ವಿಷಯದಲ್ಲಿ ಆ ಹಕ್ಕು ಬಹುದೂರ ಹೋಗುತ್ತದೆ. ಆದರೂ ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚಿನ ಹಾನಿಯನ್ನು ಮಾಡಕೂಡದೆಂಬ ಎಲ್ಲೆಯನ್ನು ಅದು ಬಿಟ್ಟುಕೊಡುವುದಿಲ್ಲ. ಓಡುವವನ ಬೆನ್ನಿಗೆ ಹೊಡೆದುದು ರಕ್ಷಣೆಯೆನಿಸುವುದು ಕಷ್ಟ. ಕತ್ತಲಲ್ಲಿ ನಿಂತವನು ಕಳ್ಳನೋ, ನೀರಿಗೆದ್ದ ಮಗನೋ ಎಂಬುದನ್ನು ತಿಳಿಯದೆ ಕುದುರೆಯನ್ನು ಎಳೆದವನಿಗೆ ಯಾವ ಸಂಹಿತೆಯೂ ಸಮಾಧಾನ ಹೇಳಲಾರದು.

ಆದುದರಿಂದ ಮನೆಯ ರಕ್ಷಣೆಗೆ ಬಂದೂಕನ್ನು ಬಯಸುವವನು ಮೊದಲು ಹಳೆಯ ಊರಿನ ಕ್ರಮವನ್ನು ತನ್ನ ಮನೆಗೆ ಹೊಂದಿಸಿ ನೋಡಲಿ. ಅಗಸಿಗೆ ಬದಲು ಗಟ್ಟಿಯಾದ ಕದವೂ ಅಗಳಿಯೂ. ಹುಡೇವಿಗೆ ಬದಲು ಅಂಗಳದ ದೀಪವೂ ನಾಯಿಯೂ. ಹಗೇವಿಗೆ ಬದಲು ಮನೆಯಲ್ಲಿ ಹೊನ್ನನ್ನಿಡದ ವಿವೇಕ. ವಾಲೀಕಾರನ ಕೂಗಿಗೆ ಬದಲು 112ರ ಕರೆ. ಕಳ್ಳನು ಬಂದನೆಂದಾಗ ಮನೆಯವರೆಲ್ಲರೂ ಯಾವ ಕೋಣೆಯಲ್ಲಿ ಸೇರಬೇಕೆಂಬುದು ಮೊದಲೇ ಗೊತ್ತಿರಲಿ. ಇಷ್ಟಾದ ಮೇಲೆಯೂ ಕೊರತೆಯಿದೆಯೆಂದು ಕಂಡರೆ, ಹೊಲದ ನಡುವೆ ಒಂಟಿಮನೆಯಲ್ಲಿ ಇರುವವನಿಗೆ ಅದು ಕಾಣಲೂಬಹುದು, ಆಗ ಅವನು ಪರವಾನಗಿಗೆ ಅರ್ಜಿ ಹಾಕಲಿ.

ಮಾಳಿಗೆಯಿಂದ ಮಾಳಿಗೆಗೆ ನಡೆದುಹೋಗುವಂತೆ ಮನೆ ಕಟ್ಟಿದವರು ನೆರೆಯವರ ಜಗಳವನ್ನು ಅರಿಯದವರಲ್ಲ. ಅರಿತಿದ್ದೂ ಹಾಗೆ ಕಟ್ಟಿದರು. ಏಕೆಂದರೆ ಒಂದು ಮಾಳಿಗೆಯಲ್ಲಿ ಎದ್ದ ಕೂಗು ಹತ್ತು ಮಾಳಿಗೆಗಳಿಗೆ ಮುಟ್ಟಬೇಕಾಗಿತ್ತು. ಕಾನೂನು ಅವರಿಂದ ಕೋವಿಯನ್ನು ತೆಗೆದುಕೊಂಡಿತು. ಆ ಕೂಗನ್ನು ಯಾವ ಕಾನೂನೂ ತೆಗೆದುಕೊಳ್ಳಲಿಲ್ಲ. ಅದನ್ನು ಬಿಟ್ಟವರು ನಾವು. ಪರವಾನಗಿಯಿಲ್ಲದೆ ಮರಳಿ ಪಡೆಯಬಹುದಾದ ಕಾವಲು ಅದೊಂದೇ.